ಭಂಡಾರ ಹತ್ತಿದ ಕಂಬಳಿ

ಹಿತ್ತಲ ಬಾಗಿಲಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಹಣ್ಣು ನಮ್ಮ ಸಾರಿಗೆ, ಬೀಜ ಅಕ್ಕನ ಮನೆಯ ಮಗ್ಗಕ್ಕೆ. ಬೀಜವನ್ನು ನೆನೆಹಾಕಿ ಅರೆದು ಬೇಯಿಸಿದರೆ ಅಂಟಂಟಾದ ಗಂಜಿ ಆಗುತ್ತದೆ. ಆ ಗಂಜಿ ಬಳಿದು ಒಣಗಿಸಿದ ಮೇಲೇ ಉಣ್ಣೆಯ ನೂಲು ಕಂಬಳಿ ನೇಯುವಷ್ಟು ಗಟ್ಟಿಯಾಗುವುದು. ಪಕ್ಕದಲ್ಲಿದ್ದ ಫೋನು ಟಿಣ್ ಅಂತು. ಕೈಯೆಲ್ಲ ಹುಳಿ. ಸೆರಗಿಗೆ ಒರೆಸಿಕೊಂಡು ನೋಡಿದೆ.

ನಾವು ಕಂಬಳಿ ಮಾರುವ ಆನ್‌ಲೈನ್ ಕಂಪನಿಯವರ ಸಂದೇಶ. ಪುಣೆಯ ಗಿರಾಕಿಯೊಬ್ಬರು ಕಂಬಳಿ ವಾಪಸ್ಸು ಮಾಡುತ್ತಿದ್ದಾರೆ. ಕಾರಣ: ಬಳಸಿದ ಮಾಲು, ಕಲೆಯಾಗಿದೆ. ಜೊತೆಗೊಂದು ಫೋಟೋ. ಕರೀ ಕಂಬಳಿಯ ಮಡಿಕೆಯ ಮೇಲೆ ಅಂಗೈಯಗಲ ಹಳದಿ. ನಿಮ್ಮ ಮೇಲೆ ಇಂಥ ದೂರು ಮೊದಲೂ ಬಂದಿದೆ, ಕಳಿಸುವಾಗ ಮಾಲು ಹೊಸದಾಗಿತ್ತು ಎಂಬುದಕ್ಕೆ ನಾಳೆಯೊಳಗೆ ಪುರಾವೆ ಕೊಡದಿದ್ದರೆ ಅಂಗಡಿ ಮುಚ್ಚಲಾಗುವುದು ಅಂತ ಕೆಳಗೆ ಬರೆದಿತ್ತು.

ಅಂಗಡಿ ನನ್ನ ಹೆಸರಿನಲ್ಲಿದ್ದರೂ ಅದರ ಮೇಲೆ ಬದುಕು ನಿಂತಿರುವುದು ಅಕ್ಕನದು. ಅವಳನ್ನು ಕೊಟ್ಟಿರುವುದು ಪಾವಗಡದ ಕಡೆ, ಕ್ಯಾತಗಾನಚೆರ್ಲಿನ ಹತ್ತಿರ. ಕುರಿ ಮೇಯುತ್ತಿದ್ದ ಬಯಲಿನಲ್ಲಿ ಈಗ ಸೋಲಾರ್ ಪ್ಯಾನೆಲ್ಲುಗಳು. ಸಂತೆಯಲ್ಲಿ ಕಂಬಳಿ ಕೇಳುವವರೂ ಇಲ್ಲದೆ ಭಾವ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಗಂಡ ಹೆಂಡತಿ ಇಬ್ಬರೂ ಆ ಪ್ಯಾನೆಲ್ ಒರೆಸುವ ಕೂಲಿಗೆ ಹೋಗುತ್ತಿದ್ದರು. ಮೇಲೆ ಸೂರ್ಯ, ಕೆಳಗೆ ಗಾಜಿನಲ್ಲಿ ಇನ್ನೊಬ್ಬ ಸೂರ್ಯ. ಅಕ್ಕನ ಕಣ್ಣು ಸದಾ ಕೆಂಪಗಿರುತ್ತಿತ್ತು. ಶಿರಾದ ನಮ್ಮ ಮನೆಯಲ್ಲಿ ಕೂತು ನಾನು ಫೋನಿನಲ್ಲಿ ನಾಲ್ಕು ಫೋಟೋ ಹಾಕಿದೆ. ದೇವರ ದಯೆ, ಆರ್ಡರು ಬಂದವು. ಮಗ್ಗ ಅಟ್ಟದಿಂದ ಇಳಿಯಿತು. ಅಕ್ಕ ಮತ್ತೆ ರಾಟೆ ಮುಂದೆ ನೆರಳಲ್ಲಿ ಕೂತಳು. ಈಗ ಅಂಗಡಿ ಮುಚ್ಚಿದರೆ ಅವಳು ಅದೇ ಬಿಸಿಲಿಗೆ ಹೋಗಬೇಕು.

ಕಷ್ಟದ ಗಿರಾಕಿಗಳು ಹೊಸಬರೇನಲ್ಲ. ಚುಚ್ಚುತ್ತದೆ ಅಂತ ಒಬ್ಬರು ವಾಪಸ್ಸು ಮಾಡಿದರು. ಚುಚ್ಚದೆ ಇನ್ನೇನು, ಕುರಿಯ ಮೈಮೇಲಿನದಲ್ಲವೆ? ಕುರಿಯ ವಾಸನೆ ಅಂತ ಇನ್ನೊಬ್ಬರು ಬರೆದರು. ಆಮೇಲೆ ನಾನೇ ಫೋಟೋದ ಕೆಳಗೆ ಸೇರಿಸಿದೆ: 'ಮೊದಲು ಒರಟಾಗಿರುತ್ತದೆ, ಕುರಿವಾಸನೆ ಇರುತ್ತದೆ, ನಾಲ್ಕು ಬಿಸಿಲು ಕಂಡರೆ ಹೋಗುತ್ತದೆ.' ಅದನ್ನು ಓದಿಯೂ ಕೊಂಡವರು ವಾಪಸ್ಸು ಮಾಡುವುದು ಕಡಿಮೆ. ಒಬ್ಬರಂತೂ ಚಳಿಗಾಲವೆಲ್ಲ ಹೊದ್ದವರ ಹಾಗೆ ಮುದ್ದೆ ಮಾಡಿ ಕಳಿಸಿದ್ದರು, ಬಿಡಿಸಿದರೆ ಬಸ್ ಟಿಕೇಟು ಬಿತ್ತು. ಮತ್ತೊಬ್ಬರು ನಮ್ಮ ಕಂಬಳಿ ಇಟ್ಟುಕೊಂಡು ಯಾವುದೋ ಮಿಲ್ಲಿನ ಹೂವಿನ ರಗ್ಗು ವಾಪಸ್ಸು ಕಳಿಸಿ, ನೀವೇ ಹಳೇ ಮಾಲು ಕೊಟ್ಟಿರಿ ಅಂತ ದೂರು ಹಾಕಿದರು. ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಪ್ಯಾಕ್ ಮಾಡುವಾಗಲೆಲ್ಲ ಕಡಲೆಕಾಯಿ ಡಬ್ಬಕ್ಕೆ ಫೋನು ಆನಿಸಿ ವಿಡಿಯೋ ಇಟ್ಟುಕೊಳ್ಳುತ್ತಿದ್ದೆ.

ಹಾಗಾಗಿ ಈ ಪುಣೆಯ ಕಂಬಳಿಯ ವಿಡಿಯೋ ನನ್ನಲ್ಲಿತ್ತು. ಸದ್ಯ, ದೇವರೇ, ಅಂದುಕೊಂಡು ಹಾಕಿ ನೋಡಿದೆ.

ಕಂಬಳಿ ಕೊಡವಿದ್ದೇನೆ. ಎರಡೂ ಕಡೆ ತೋರಿಸಿದ್ದೇನೆ. ಮಡಚಿದ್ದೇನೆ. ಟೇಪು ತರಲು ಎದ್ದು ಹೋದೆ. ಆಗ ಪಕ್ಕದಿಂದ ಹಸಿರು ಬಳೆಯ ಕೈಯೊಂದು ಬಂತು. ಬೆರಳತುಂಬ ಭಂಡಾರ. ನಮ್ಮ ಮನೆದೇವರ ಆ ಅರಿಸಿನ ಪುಡಿಯನ್ನು ಕಂಬಳಿಗೆ ಮೆತ್ತಿ, ಒತ್ತಿ, ನಮಸ್ಕಾರ ಮಾಡಿ ಕೈ ಹೋಯಿತು. ನಾನು ಬಂದವಳು ನೋಡದೆ ಕವರು ಹಾಕಿ ಅಂಟಿಸಿದ್ದೇನೆ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಫೋನು ಹಿಡಿದು ಹೋದೆ.

"ಅತ್ತೆ, ಇದು ನಿಮ್ಮ ಕೈ ಅಲ್ವಾ?"

"ನಂದೇ ಕಣಮ್ಮ, ಬಳೆ ಕಾಣಕಿಲ್ವಾ? ಸಂದಾಗೇ ಬಂದೈತೆ."

"ಭಂಡಾರ ಯಾಕೆ ಮೆತ್ತಿದ್ರಿ?"

"ಮತ್ತೆ? ಮಗ್ಗದಿಂದ ಇಳಿದ ಕಂಬ್ಳೀನ ಬರೀ ಮೈಯಾಗೆ ಆಚೆ ಕಳಿಸ್ತಾರಾ? ಹೆಣ್ಣು ಕಳಿಸಾವಾಗ ಕುಂಕ್ಮ ಇಕ್ಕಲ್ವಾ? ಇದೂ ಅಂಗೇಯ. ಬರಗೂರಾಗೆ ನಮ್ಮಪ್ಪ ಸಂತೆಗೆ ಹೊರೋ ಕಂಬ್ಳಿಗೂ ಇಕ್ಕೋನು."

ಅವರು ಇಡುವುದು ನನಗೂ ಗೊತ್ತಿತ್ತು. ಒಣ ಪುಡಿ ಚಿಟಿಕೆ ಉದುರಿಸುತ್ತಿದ್ದರು, ಕೊಡವಿದರೆ ಹೋಗುತ್ತಿತ್ತು. ಅವತ್ತು ಪಾತ್ರೆ ತೊಳೆದ ಹಸಿಗೈಯಲ್ಲಿ ಬಂದಿದ್ದರು. ನೂಲಿನಲ್ಲಿದ್ದ ಹುಣಸೆ ಗಂಜಿಗೆ ನೀರು ಸೋಕಿ, ಭಂಡಾರ ಬಣ್ಣದ ಹಾಗೆ ಕಚ್ಚಿಕೊಂಡಿತ್ತು.

"ಅವರು ಕೊಳೆ ಅಂತ ಬರ್ದವ್ರೆ, ಅತ್ತೆ."

"ಭಂಡಾರನಾ ಕೊಳೆ ಅಂದಿದ್ದು? ಅವ್ರ ನಾಲ್ಗೆ..." ಅಷ್ಟಕ್ಕೆ ತಾವೇ ತಡೆದುಕೊಂಡರು. "ಓಗ್ಲಿ ಬುಡು, ಅವ್ರಿಗೇನು ಗೊತ್ತು. ಫೋನ್ ಮಾಡಿ ಏಳು, ಕಣ್ಗೊತ್ಕಳ್ರಪ್ಪಾ ಅಂತ."

"ಗಿರಾಕಿ ನಂಬರು ನಮಗೆ ಕೊಡಲ್ಲ."

"ಮಕ ಕಾಣ್ದೋರಿಗೆ, ಮಾತು ಕೇಳ್ದೋರಿಗೆ ಮಾರ್ತೀಯ. ಇದ್ಯಾವ ಯಾಪಾರವೇ ತಾಯಿ!"

ಅಂಗಡಿ ಮುಚ್ಚುವ ಮಾತು ಹೇಳಿದಾಗ ಅವರ ಕೈ ಅವರೆಕಾಯಿಯ ಮೇಲೆ ನಿಂತುಬಿಟ್ಟಿತು.

ಅಕ್ಕನಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ವಿಷಯ ಹೇಳುತ್ತಿದ್ದ ಹಾಗೆ ಸದ್ದು ನಿಂತಿತು, ಭಾವನೂ ಕಿವಿಗೊಟ್ಟಿದ್ದಾರೆ ಅಂತ ಗೊತ್ತಾಯಿತು.

"ಏಂ ಕಾದು ಲೇವೇ, ಹೆದ್ರಬ್ಯಾಡ," ಅಂದಳು ಅಕ್ಕ. ಗಂಡನ ಊರಿನ ತೆಲುಗು ಅವಳ ಬಾಯಲ್ಲಿ ಹೊಕ್ಕು ಬಹಳ ಕಾಲವಾಯಿತು. "ಮುಚ್ಚಿದ್ರೆ ಮುಚ್ಕೊಂಡ್ ಓಗ್ಲಿ. ಬಿಸ್ಲೇನು ನಂಗೆ ಹೊಸದಾ?" ಆಮೇಲೆ ತಾನೇ, "ಲೇ, ಒಂದು ಮಾಡು. ಅತ್ತೆ ಕೈ ಬರೋ ಮುಂಚೆ ಎಷ್ಟೈತೋ ಅಷ್ಟ್ನೇ ಕತ್ತರಿಸಿ ಕಳಿಸು. ಹೊಸ ಕಂಬ್ಳಿನೇ ತಾನೇ? ಸುಳ್ಳೇನಲ್ವಲ್ಲ," ಅಂದಳು.

ಸುಳ್ಳಲ್ಲ, ಹೌದು. ವಿಡಿಯೋ ಕತ್ತರಿಸುವುದೂ ಬೆಂಡೆಕಾಯಿ ಕತ್ತರಿಸಿದಷ್ಟೇ ಸುಲಭ. ಕತ್ತರಿಸಿಯೂ ನೋಡಿದೆ, ಕೈ ಕಾಣಲಿಲ್ಲ. ಆಗ ಕಲೆ ಪುಣೆಯವರೇ ಮಾಡಿದ್ದು ಅಂತಾಗುತ್ತದೆ. ಅವರು ಗೊಣಗುವ ಗಿರಾಕಿ ಇರಬಹುದು, ಆದರೆ ಇದೊಂದು ಅವರು ಮಾಡಿದ್ದಲ್ಲ. ಭಂಡಾರ ಇಟ್ಟ ಕೈಯನ್ನು ಕತ್ತರಿಸಿ ಎಸೆದು, ಸಂಜೆ ದೀಪ ಹಚ್ಚಿ ಅದೇ ಭಂಡಾರ ಹಣೆಗೆ ಹಚ್ಚಿಕೊಳ್ಳುವುದು ನನ್ನಿಂದ ಆಗದು. ಆದರೆ ಅಕ್ಕನ ಕಣ್ಣೂ ನೆನಪಾಗುತ್ತಿತ್ತು. ದೇವರ ಗೂಡಿನ ಮುಂದೆ ಕೂತು, "ನಿನ್ನದೇ ಕಲೆ, ನೀನೇ ನೋಡಿಕೋ ಅಪ್ಪ" ಅಂದೆ.

ಕಡಲೆಕಾಯಿ ಮಂಡಿಯಿಂದ ಊಟಕ್ಕೆ ಬಂದ ನಮ್ಮನೆಯವರು ವಿಡಿಯೋ ನೋಡಿ, "ಅಮ್ಮನ ಕೈನೂ ಸೇರಿಸಿ ಮಾರಿದ್ರೆ ಆ ಕೈನೂ ವಾಪಸ್ ಬರ್ತಿತ್ತು" ಅಂತ ನಕ್ಕರು. ನಗು ಮುಗಿದ ಮೇಲೆ ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. 'ಕಂಬಳಿ ಹೊಸದು. ಕಲೆ ನಮ್ಮ ಮನೆಯಲ್ಲೇ ಆದದ್ದು. ಅದು ಅರಿಸಿನ, ಹರಸಿ ಕಳಿಸುವುದು ನಮ್ಮ ಪದ್ಧತಿ. ಗಿರಾಕಿಯ ತಪ್ಪಿಲ್ಲ, ವಾಪಸ್ಸು ತೆಗೆದುಕೊಳ್ಳುತ್ತೇವೆ.' ವಿಡಿಯೋ ಪೂರ್ತಿ ಹಾಕಿ ಕಳಿಸಿದೆ.

ಉತ್ತರಕ್ಕಿಂತ ಮೊದಲು ಕಂಬಳಿಯೇ ಬಂತು. ಕೊರಿಯರಿನವನು ಕೊಟ್ಟು ಹೋದ ಮೇಲೆ ವಿಡಿಯೋ ಇಟ್ಟುಕೊಂಡೇ ಬಿಚ್ಚಿದೆ. ಮೇಲಿನ ಮಡಿಕೆ ಬಿಟ್ಟರೆ ಉಳಿದದ್ದು ನಾನು ಮಡಚಿದ ಹಾಗೇ ಇತ್ತು. ಅತ್ತೆ ಮೂಗಿಗೆ ಹಿಡಿದು ನೋಡಿದರು.

"ಯಾರೂ ಹೊದ್ದಿಲ್ಲ ಕಣಮ್ಮ. ನೀರೂ ಕಂಡಿಲ್ಲ. ಗದ್ದುಗೆಗೆ ಆಯ್ತದೆ."

ನಮ್ಮಲ್ಲಿ ದೇವರ ಗದ್ದುಗೆಗೆ ಹಾಸುವ ಕಂಬಳಿ ಯಾರ ಮೈಗೂ ಸೋಕಿರಬಾರದು. ನಮ್ಮನೆಯದು ಇಲಿ ಕಡಿದು ಹರಿದಿತ್ತು. ಹೊಸದು ತೆಗೆದಿಡೋಣ ಅಂದುಕೊಂಡಾಗಲೆಲ್ಲ ಯಾವುದೋ ಆರ್ಡರು ಬಂದು ಅದೂ ಹೊರಟುಬಿಡುತ್ತಿತ್ತು. ಅಷ್ಟು ದೂರ ಹೋಗಿ ಮಡಿಕೆ ಕೆಡದೆ ವಾಪಸ್ಸು ಬಂತಲ್ಲ, ಅದನ್ನೂ ನಾನು ದಯೆ ಅಂತಲೇ ಎಣಿಸುತ್ತೇನೆ.

ಕಂಪನಿಯ ಉತ್ತರ ಬಂದದ್ದು ಅದನ್ನು ದೇವರ ಗೂಡಿನ ಕೆಳಗೆ ಎತ್ತಿಡುವಾಗ. 'ಬಳಸಿದ ಮಾಲು' ಎಂಬ ದೂರು ತೆಗೆದಿದ್ದಾರೆ. ಪ್ಯಾಕಿಂಗಿನ ತಪ್ಪು ಅಂತ ಬರೆದುಕೊಂಡಿದ್ದಾರೆ. ಅಂಗಡಿ ಮುಚ್ಚುವುದಿಲ್ಲ. ಇನ್ನು ಮುಂದೆ ಮಾಲಿಗೆ ಹೊರಗಿನ ಯಾವ ವಸ್ತುವನ್ನೂ ಹಚ್ಚಕೂಡದು. ಪುಣೆಯವರು ಕೊಟ್ಟ ಒಂದೇ ಒಂದು ನಕ್ಷತ್ರ ಹಾಗೇ ಇತ್ತು. ಇರಲಿ.

ಓದಿ ಹೇಳಿದೆ.

"ಹೊರಗಿನ ವಸ್ತುವಂತೆ!" ಅತ್ತೆಗೆ ಸಿಟ್ಟು ಬಂತು. ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡರು. ಗೂಡಿನಿಂದ ಚಿಟಿಕೆ ಭಂಡಾರ ತೆಗೆದು, ನನ್ನ ಗಲ್ಲ ಹಿಡಿದೆತ್ತಿ ಹಣೆಗೆ ಒತ್ತಿದರು. "ಕಟ್ಟೋಳು ನೀನು ತಾನೆ? ಇನ್ಮೇಕೆ ಕಟ್ಟೋಳ ಹಣೆಗೆ ಇಕ್ತೀನಿ. ಇದ್ನೂ ಒರ್ಸು ಅಂತಾರಾ, ಕೇಳು."

ಅಕ್ಕನಿಗೆ ಹೇಳಿದೆ. "ಬೀಜ ಯಾವಾಗ ಕಳಿಸ್ತೀಯೇ? ಗಂಜಿಗೆ ಇಲ್ಲ" ಅಂದಳು. ಫೋನು ಇಡುವ ಮೊದಲೇ ಹಿಂದೆ ಮಗ್ಗದ ಸದ್ದು ಶುರುವಾಗಿತ್ತು.

ಬಿಡಿಸಿದ ಬೀಜವನ್ನು ಚೀಲಕ್ಕೆ ತುಂಬಿ ಪಾವಗಡದ ಬಸ್ಸಿಗೆ ಹಾಕಲು ಬಾಯಿ ಕಟ್ಟುತ್ತಿದ್ದೆ. ಹಿತ್ತಲ ನಲ್ಲಿಯಲ್ಲಿ ನೀರು ಬರುವ ಮುಂಚಿನ ಗಾಳಿ ಬುಸುಗುಟ್ಟಿತು. ಚೀಲ ಗೋಡೆಗೆ ಒರಗಿಸಿ, ಬಿಂದಿಗೆ ತೊಳೆದು ಇಡಲು ಹೋದೆ.