ಒಂದು ಗಂಟು ಕೆಂಪು, ಎರಡು ಗಂಟು ಹಸಿರು

ಅದು ರಜೆಯ ದಿನ. ಲಿಫ್ಟಪ್ಪ ಊಟದ ಮೇಜನ್ನು ಗೋಡೆಗೆ ನೂಕಿದ. ಕುರ್ಚಿಗಳನ್ನು ಅದರ ಮೇಲೆ ಮಗುಚಿದ. ಹೆಂಡತಿಗೆ ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕೂರಲು ಹೇಳಿದ. ಬರಿದಾದ ನೆಲದ ನಡುವೆ ಅವನು ಮಾಡಿದ ಯುದ್ಧದ ಟ್ಯಾಂಕು ಕೂತಿತ್ತು. ಬೆಕ್ಕಿನಷ್ಟು ಉದ್ದ, ಬೆಕ್ಕಿಗಿಂತ ಭಾರ.

ಲಿಫ್ಟಪ್ಪ ಅವಳ ಗಂಡ. ಹೆತ್ತವರು ಇಟ್ಟ ಹೆಸರು ಬೇರೆ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಹೋಗಿ ಸರಿ ಮಾಡುವುದು ಅವನ ಕೆಲಸ. ಹಿಂದೊಮ್ಮೆ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಿದ್ದ ಮುದುಕಿಯೊಬ್ಬಳು, ಬಾಗಿಲು ತೆರೆದ ಇವನನ್ನು ನೋಡಿ “ಬಂದ್ಯಾ ಲಿಫ್ಟಪ್ಪಾ, ನನ್ನಪ್ಪಾ” ಎಂದು ಕೈ ಹಿಡಿದುಕೊಂಡು ಅತ್ತಳಂತೆ. ಅಂದಿನಿಂದ ಆ ಹೆಸರು ಅಂಟಿತು. ಮನೆಗೂ ಬಂತು.

ಅವನು ಕೆಲಸಕ್ಕೆ ಹೋಗುವ ದಾರಿಯ ಚೌಕದಲ್ಲಿ ಹಳೆಯ ಯುದ್ಧದ ಟ್ಯಾಂಕೊಂದನ್ನು ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿದ್ದರು. ಊರಿನ ಜನ ಅದನ್ನು ನೋಡದೆ ಹಾದುಹೋಗುತ್ತಿದ್ದರು. ಇವನು ಟೇಪು ತೆಗೆದು ಅಳೆಯಲು ಶುರುಮಾಡಿದ. ಕಾವಲುಗಾರ ಓಡಿಬಂದ.

“ಏನಯ್ಯಾ, ಕೊಂಡ್ಕೋತೀಯಾ?”

“ಕೊಂಡ್ಕೋಬಹುದು. ನಮ್ಮನೆ ಬಾಗಿಲಲ್ಲಿ ತೂರುತ್ತೋ ಇಲ್ವೋ ನೋಡ್ತಿದ್ದೀನಿ.”

ಬಾಗಿಲಲ್ಲಿ ತೂರುವಂಥದ್ದನ್ನು ತಾನೇ ಮಾಡಿದ. ಮನೆಯ ಚಿಕ್ಕ ಕೋಣೆಯಲ್ಲಿ ಅರ್ಧ ಅವಳ ಹೊಲಿಗೆ ಯಂತ್ರ, ಇನ್ನರ್ಧ ಅವನ ಟ್ಯಾಂಕು. ತಗಡು ಕತ್ತರಿಸಿ ಮೈ ಮಾಡಿದ. ತಗಡು ಕೂಡುವ ಕಡೆ ಪುಟ್ಟಿ ಎಳೆದು, ಅವಳ ಸೂಜಿಯಿಂದ ಚುಚ್ಚಿ ಚುಚ್ಚಿ ಬೆಸುಗೆಯ ಗೆರೆ ಮೂಡಿಸಿದ. ಲಿಫ್ಟಿನ ಹಳೆಯ ಉಕ್ಕಿನ ಹಗ್ಗದ ಒಂದೆಳೆ ಬಿಡಿಸಿ ಪಕ್ಕಕ್ಕೆ ಸಿಕ್ಕಿಸಿದ. ಟೀ ಚರಟ ಒಣಗಿಸಿ, ಅಂಟಿನಲ್ಲಿ ಕಲಸಿ, ಚಕ್ರದ ಪಟ್ಟಿಗಳಿಗೆ ಕೆಸರು ಮೆತ್ತಿದ. ಬೂದು ಅಸ್ತರಿನ ಬಟ್ಟೆಯಲ್ಲಿ ಕಿರುಬೆರಳುದ್ದದ ಟಾರ್ಪಾಲಿನ ಸುರುಳಿ ಹೊಲಿದು ಕೊಟ್ಟವಳು ಅವಳು. “ಮೊಮ್ಮಕ್ಕಳಿಗೆ ಹೊಲಿಯೋ ವಯಸ್ಸಲ್ಲಿ ಟ್ಯಾಂಕಿಗೆ ಹೊಲೀತಿದ್ದೀನಿ” ಎಂದು ಗೊಣಗುತ್ತಲೇ ಹೊಲಿದಳು.

ಬಣ್ಣದ ಕೆಲಸ ಅವಳದೇ. ಒಮ್ಮೆ ಅವಳಿಲ್ಲದಾಗ ತಾನೇ ಬಳಿದುಬಿಟ್ಟಿದ್ದ. ಅವಳು ಬಂದು ನೋಡಿದರೆ ತುಕ್ಕುಗೆಂಪು.

“ರೀ, ಇದೇನು ಟ್ಯಾಂಕಾ, ಹಣ್ಣಾದ ಟೊಮೆಟೋನಾ?”

“ಹಸಿರಲ್ವಾ?”

“ಹಸಿರಂತೆ!”

ಅವನಿಗೆ ಕೆಂಪು, ಹಸಿರು ಎರಡೂ ಒಂದೇ. ಹುಟ್ಟಿನಿಂದಲೇ ಹಾಗೆ. ಅವಳನ್ನು ಬಿಟ್ಟು ಯಾವ ನರಪಿಳ್ಳೆಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಲಿಫ್ಟಿನ ತಂತಿಗಳ ತುದಿಗೆ ನಂಬರು ಬರೆದ ಉಂಗುರಗಳಿರುತ್ತವೆ. ಆ ನಂಬರು ನಂಬಿ ಅನ್ನ ದುಡಿದ. ಟ್ಯಾಂಕಿನ ತಂತಿಗೆ ನಂಬರಿಲ್ಲ. ಅದಕ್ಕೆ ಅವಳು ಪ್ರತಿ ತಂತಿಯ ಎರಡೂ ತುದಿಗೆ ಬಿಳಿ ದಾರ ಕಟ್ಟಿಕೊಟ್ಟಳು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು. ಅವನು ಬೆರಳಲ್ಲಿ ಗಂಟು ತಡವಿ ನೋಡಿ ಬೆಸುಗೆ ಹಾಕುತ್ತಿದ್ದ.

ಆ ರಜೆಯ ದಿನ ಅದನ್ನು ಮೊದಲ ಸಲ ಓಡಿಸುವುದಿತ್ತು.

“ಮೊದಲು ರಿಮೋಟು, ಆಮೇಲೆ ಟ್ಯಾಂಕು. ಉಲ್ಟಾ ಮಾಡಿದ್ರೆ ಅದರಿಷ್ಟಕ್ಕೆ ಓಡಿಹೋಗುತ್ತೆ” ಎಂದು ಅವಳಿಗೆ ಪಾಠ ಹೇಳಿ ಎರಡನ್ನೂ ಆನ್ ಮಾಡಿದ. ರಿಮೋಟಿನಲ್ಲಿ ಎರಡು ಕಡ್ಡಿಗಳು, ಎಡದ ಪಟ್ಟಿಗೊಂದು, ಬಲದ ಪಟ್ಟಿಗೊಂದು. ಎರಡನ್ನೂ ಮುಂದಕ್ಕೆ ತಳ್ಳಿದರೆ ನೆಟ್ಟಗೆ ಹೋಗಬೇಕು. ಟ್ಯಾಂಕು ನಿಂತಲ್ಲೇ ಗಿರಗಿರ ಸುತ್ತಿತು. ಮಂಚದ ಪಕ್ಕದ ನೀರಿನ ಲೋಟ ಉರುಳಿಸಿತು.

“ಬಿಡಿ, ಶತ್ರುಗಳು ನಕ್ಕೂ ನಕ್ಕೂ ಸಾಯ್ತಾರೆ” ಎಂದಳು.

ಅವನು ನಗಲಿಲ್ಲ. “ಬಲಗಡೆ ಮೋಟಾರು ಹಿಂದಕ್ಕೆ ತಿರುಗ್ತಿದೆ. ತಂತಿ ಅದಲುಬದಲಾಗಿದೆ. ನಿನ್ನ ಗಂಟು ತಪ್ಪು.”

“ನನ್ನ ಗಂಟಾ?”

“ಇನ್ಯಾರದು? ನಾನು ಗಂಟು ಮುಟ್ಟಿಯೇ ಹಾಕಿದ್ದು. ನಿನ್ನ ಕಣ್ಣಿಗೂ ವಯಸ್ಸಾಯ್ತು ಕಣೇ.”

“ಇಷ್ಟು ವರ್ಷ ಇದೇ ಕಣ್ಣಲ್ಲಿ ಅಲ್ವಾ ನೀವು ಲೋಕ ನೋಡಿದ್ದು? ಈಗ ಸಾಲದಾಯ್ತಾ?”

ಅವನು ಟ್ಯಾಂಕನ್ನು ಎತ್ತಿಕೊಂಡು ಹೋಗಿ ಚಿಕ್ಕ ಕೋಣೆಯಲ್ಲಿಟ್ಟ. ಊಟದಲ್ಲಿ ಉಪ್ಪು ಹೆಚ್ಚಾಗಿತ್ತು, ಅವನು ಹೇಳಲಿಲ್ಲ. ಅವಳಿಗೂ ಗೊತ್ತಾಗಿತ್ತು, ಅವಳೂ ಹೇಳಲಿಲ್ಲ. ಬೆಳಗ್ಗೆ ಅವನು ಬೇಗ ಎದ್ದದ್ದು, ಕೋಣೆಯಲ್ಲಿ ಏನೋ ಸದ್ದು ಮಾಡಿದ್ದು, ಬಾಗಿಲು ಎಳೆದುಕೊಂಡು ಹೋದದ್ದು ಎಲ್ಲ ಕೇಳಿಸಿತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗೇ ಇದ್ದಳು.

ಮಧ್ಯಾಹ್ನದ ಹೊತ್ತಿಗೆ ಅವನ ಜೊತೆ ಕೆಲಸ ಮಾಡುವವನು ಬಂದು ಬಾಗಿಲಲ್ಲಿ ನಿಂತ. ಅವನ ಕೈಯಲ್ಲಿ ಲಿಫ್ಟಪ್ಪನ ಚೀಲ ಇತ್ತು.

“ಅಕ್ಕಾ, ಅಣ್ಣ ಹೋಗ್ಬಿಟ್ರು.”

ಅವಳ ಬಾಯಿಂದ ಬಂದ ಮೊದಲ ಮಾತು, “ಯಾವ ತಂತಿ ಮುಟ್ಟಿದರು?”

ಅವನು ಗಾಬರಿಯಾಗಿ ನೋಡಿದ. “ತಂತೀನೇ ಮುಟ್ಟಿಲ್ಲ ಅಕ್ಕ. ಕೆಲಸ ಶುರುನೇ ಆಗಿರಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಕೂತು ಟೀ ಕುಡೀತಿದ್ರು. ಹಾಗೇ ಗೋಡೆಗೆ ಒರಗಿದ್ರು. ಎದೆ ನಿಂತಿತ್ತಂತೆ.”

ಅವಳು ಇಸ್ತ್ರಿಪೆಟ್ಟಿಗೆ ಆರಿಸಿದಳು. ಬಾಗಿಲಿಗೆ ಬೀಗ ಹಾಕಿದಳು. ಮತ್ತೆ ಬೀಗ ತೆಗೆದು ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ಆರಿದೆಯೇ ಎಂದು ನೋಡಿದಳು. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದರು. ಅವಳು ಮುಖ ನೋಡಲಿಲ್ಲ. ಷರ್ಟಿನ ಎದೆಯ ಗುಂಡಿ ಕಿತ್ತುಹೋಗಿತ್ತು. “ಗುಂಡಿ ಎಲ್ಲಿ?” ಎಂದು ನರ್ಸನ್ನು ಕೇಳಿದಳು. ನರ್ಸು ಪಾಪ, ಬಗ್ಗಿ ಮಂಚದ ಕೆಳಗೆ ಹುಡುಕಿದಳು.

ಆಮೇಲೆ ಮನೆ ತುಂಬ ಜನ ಬಂದರು, ಹೋದರು. ಮಗಳು ಬಂದು ಜೊತೆಗೆ ಉಳಿದಳು. “ಅಳಮ್ಮಾ, ಅತ್ತುಬಿಡಮ್ಮಾ” ಎಂದು ಬೆನ್ನು ಸವರಿದಳು. ಅಳು ಬರಲಿಲ್ಲ. ಗರ ಬಡಿದವಳ ಹಾಗೆ ಕೂತಿದ್ದಳು. ಯಾರು ಏನು ಹೇಳಿದರೂ ದೂರದ ಬೀದಿಯಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಹತ್ತಿರದಿಂದ ಕೇಳುತ್ತಿದ್ದದ್ದು ಒಂದೇ. ನಿನ್ನ ಗಂಟು ತಪ್ಪು. ನಿನ್ನ ಕಣ್ಣಿಗೂ ವಯಸ್ಸಾಯ್ತು.

ಚೀಲ ತಂದವನು ಮತ್ತೊಮ್ಮೆ ಬಂದಾಗ ಅವಳು ಕೇಳಿದಳು. “ಕೊನೇಲಿ ಏನಾದರೂ ಹೇಳಿದರಾ?”

“ನಗ್ತಾ ಇದ್ರು ಅಕ್ಕ, ತಮ್ಮಷ್ಟಕ್ಕೆ ತಾವೇ. ಏನಣ್ಣಾ ಅಂದೆ. ಸಂಜೆ ಮನೇಲಿ ಮಂಗಳಾರತಿ ಕಾದಿದೆ ಕಣೋ ಅಂದ್ರು.”

ಜಗಳ ಮುಗಿದಿರಲಿಲ್ಲ, ಹಾಗಾದರೆ. ತನ್ನ ಮೇಲಿನ ಸಿಟ್ಟನ್ನು ಕಟ್ಟಿಕೊಂಡೇ ಹೋದರು ಎಂದುಕೊಂಡಳು. ಗಂಟಲಲ್ಲಿ ಇಳಿಯುತ್ತಿದ್ದ ಅಷ್ಟಿಷ್ಟು ಅನ್ನವೂ ನಿಂತಿತು.

ಮಗಳು ಚಿಕ್ಕ ಕೋಣೆ ಚೊಕ್ಕಟ ಮಾಡಲು ಹೊರಟಳು. ಟ್ಯಾಂಕಿಗೊಂದು ರಟ್ಟಿನ ಪೆಟ್ಟಿಗೆ ತಂದಳು.

“ಇದನ್ನ ರೇಡಿಯೋ ಮಾವನಿಗೆ ಕೊಟ್ಬಿಡೋಣಮ್ಮ. ಕಣ್ಣೆದುರಿಗಿದ್ರೆ ನಿನಗೆ ಸಂಕಟ.”

“ಕೊಡು. ಮೊದಲು ಅವರು ಇಲ್ಲೇ ಬಿಚ್ಚಲಿ. ನಾನು ಗಂಟು ನೋಡಬೇಕು.”

“ಯಾವ ಗಂಟಮ್ಮಾ?”

ಅವಳು ಕನ್ನಡಕ ಹುಡುಕಲು ಎದ್ದಳು.

ರೇಡಿಯೋ ಮಾವ ಅಂದರೆ ಬೀದಿ ತುದಿಯ ರೇಡಿಯೋ ರಿಪೇರಿ ಅಂಗಡಿಯವನು, ಲಿಫ್ಟಪ್ಪನ ಹಳೆಯ ಗೆಳೆಯ. ರಿಮೋಟು, ಟ್ಯಾಂಕಿನೊಳಗಿನ ಬೋರ್ಡು ಅವನ ಅಂಗಡಿಯಿಂದಲೇ ಬಂದದ್ದು. ಅವನು ಬಂದು ಕೂತು ಸ್ಕ್ರೂ ಬಿಚ್ಚಿದ. ಮೇಲಿನ ತಗಡು ಎತ್ತಿದ.

“ಇದೇನು ಅತ್ತಿಗೆ, ತಂತಿಗೆಲ್ಲ ದಾರ?”

“ಅವರಿಗೆ ಬಣ್ಣ ಕಾಣ್ತಿರಲಿಲ್ಲ ಅಣ್ಣ. ಕೆಂಪು, ಹಸಿರು.”

ಸ್ಕ್ರೂಡ್ರೈವರ್ ನಿಂತಿತು. ಮಗಳು ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟಳು.

“ಅಪ್ಪಂಗಾ? ನನ್ನ ಹಸಿರು ಫ್ರಾಕ್ ನೋಡಿ, ಗಿಣಿಮರಿ ಥರ ಇದ್ದೀಯ ಅಂತಿದ್ರಲ್ಲಮ್ಮಾ!”

“ನಾನು ಮೊದಲೇ ಕಿವೀಲಿ ಹೇಳಿರ್ತಿದ್ದೆ.”

“ಎಲಾ ಇವನ!” ಎಂದ ರೇಡಿಯೋದವನು. “ನನ್ನ ಅಂಗಡೀಲಿ ಕೂತು ಅಷ್ಟು ಟೀ ಕುಡಿದ. ಒಂದು ಮಾತು ಬಿಡಲಿಲ್ಲ ನನ್ನ ಮಗ.”

ಅವಳು ಕನ್ನಡಕ ಹಾಕಿಕೊಂಡಳು. ದೀಪ ಹತ್ತಿರ ಎಳೆದುಕೊಂಡಳು. ಬಲದ ಮೋಟಾರಿನ ತಂತಿ ಹಿಡಿದು ನೋಡಿದಳು. ಕೆಂಪು, ಒಂದು ಗಂಟು. ಹಸಿರು, ಎರಡು. ಆಚೆ ತುದಿಯಲ್ಲೂ ಅಷ್ಟೇ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಮಗಳಿಗೆ ತೋರಿಸಿ “ಇದು ಕೆಂಪು ತಾನೇ? ನಿಜ ಹೇಳು” ಎಂದಳು.

“ಕೆಂಪೇ ಅಮ್ಮ.”

“ಗಂಟು ಸರಿ ಇದೆ ಅಣ್ಣ. ಮತ್ತೆ ಯಾಕೆ ಅದು ಗಿರಗಿರ ತಿರುಗಿತು?”

ಅವನು ಮೋಟಾರನ್ನು ಬೆಳಕಿಗೆ ಹಿಡಿದ. “ಇದು ಎಡಕ್ಕೊಂದು ಬಲಕ್ಕೊಂದು ಅಂತಲೇ ಬರೋ ಜೋಡಿ ಮೋಟಾರು. ಹಸಿರು ಮುಚ್ಚಳದ ಮೇಲೆ ಕೆಂಪು ಚುಕ್ಕಿ ನೋಡಿ. ಕೆಂಪು ತಂತಿ ಚುಕ್ಕಿ ಕಡೆ ಬರಬೇಕು. ಚುಕ್ಕಿ ಎಲ್ಲಿ ಅಂತ ಅವನು ನಿಮ್ಮನ್ನ ಕೇಳಿದ್ನಾ?”

“ಇಲ್ಲ.”

“ಅಲ್ಲಿ ಚುಕ್ಕಿ ಇದೆ ಅಂತಲೇ ಅವನಿಗೆ ಕಂಡಿಲ್ಲ. ಕುರುಡು ಅಂದಾಜಲ್ಲಿ ಹಾಕಿದ್ದಾನೆ. ಎಡಗಡೇದು ಪುಣ್ಯಕ್ಕೆ ಸರಿ ಬಿತ್ತು.” ಅವನು ಇನ್ನಷ್ಟು ಬಗ್ಗಿದ. “ತಾಳಿ ತಾಳಿ. ಇದು ಈಗ ಸರಿಯಾಗೇ ಇದೆಯಲ್ಲ! ಬೆಸುಗೆ ಹೊಸದು, ಹೊಳೀತಿದೆ. ಚುಕ್ಕಿ ಪಕ್ಕ ಮೊಳೆಯಿಂದ ಗೀರಿಟ್ಟಿದ್ದಾನೆ. ಬ್ಯಾಟರಿ ಮುಟ್ಟಿಸಿ ನೋಡಿ ಕಂಡುಹಿಡಿದಿದ್ದಾನೆ. ಯಾವಾಗ ಮಾಡಿದ?”

ಅವಳಿಗೆ ಗೊತ್ತಾಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ಮೂಗಿಗೆ ಬಂದಿದ್ದ ಬೆಸುಗೆಯ ಹೊಗೆ ಈಗ ನೆನಪಾಯಿತು.

“ಓಡಿಸಿ” ಎಂದಳು.

ರೇಡಿಯೋದವನು ಮೊದಲು ರಿಮೋಟು ಆನ್ ಮಾಡಿದ, ಆಮೇಲೆ ಟ್ಯಾಂಕು. ಎರಡು ಕಡ್ಡಿಗಳನ್ನೂ ತಳ್ಳಿದ. ಮಂಚದ ಕಾಲಿನಿಂದ ಹೊರಟ ಟ್ಯಾಂಕು, ದಾರ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ ಬಾಗಿಲ ಹೊಸ್ತಿಲಿಗೆ ಬಡಿದು ನಿಂತಿತು.

ಮಗಳು ಚಪ್ಪಾಳೆ ತಟ್ಟಲು ಹೋಗಿ ತಾಯಿಯ ಮುಖ ನೋಡಿ ನಿಲ್ಲಿಸಿದಳು.

“ಗೊತ್ತಿತ್ತು!” ಎಂದಳು ಅವಳು. “ತಪ್ಪು ತನ್ನದೇ ಅಂತ ಗೊತ್ತಿತ್ತು ಇವನಿಗೆ! ಸರಿ ಮಾಡಿಟ್ಟು ಕಳ್ಳನ ಹಾಗೆ ಹೋದ್ಯಾ? ಎಬ್ಬಿಸಿ ಒಂದು ಮಾತು ಹೇಳೋಕೆ ನಿನ್ನ ಬಾಯಿಗೇನು ಬಂದಿತ್ತು? ಸಂಜೆ ಬಂದು ಹೇಳ್ತಿದ್ಯಾ? ಎಲ್ಲಿ ಬಂದೆ? ಎಲ್ಲೋ ಬಂದೆ?”

ಗಂಡನನ್ನು ಅವಳು ಒಮ್ಮೆಯೂ ಏಕವಚನದಲ್ಲಿ ಕರೆದವಳಲ್ಲ. ಅಂದು ಕರೆದಳು. ಉಸಿರು ಕಟ್ಟುವವರೆಗೆ ಬೈದಳು. ಮಗಳು ಬೆಚ್ಚಿ ಗೋಡೆಗೆ ಸರಿದಳು. ರೇಡಿಯೋದವನು ರಿಮೋಟು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದ, ಬೈಗುಳ ತನಗೇ ಬಿದ್ದಂತೆ. ಬೈಯುತ್ತ ಬೈಯುತ್ತಲೇ ಅವಳಿಗೆ ಅಳು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ.

ಟ್ಯಾಂಕನ್ನು ರೇಡಿಯೋದವನು ಒಯ್ಯಲಿಲ್ಲ, ಅವಳೂ ಕೊಡಲಿಲ್ಲ. ಹೊರಡುವಾಗ “ಇಟ್ಟಲ್ಲೇ ಇಟ್ರೆ ಗ್ರೀಸು ಗಟ್ಟಿಯಾಗುತ್ತೆ ಅತ್ತಿಗೆ, ದಿನಾ ಸ್ವಲ್ಪ ಓಡಿಸಿ” ಎಂದು ಹೇಳಿ ಹೋದ. ಮಗಳೂ ತನ್ನ ಮನೆಗೆ ಹೋದಳು.

ಅವಳೊಬ್ಬಳೇ ಓಡಿಸಿದ ಮೊದಲ ದಿನ ಟ್ಯಾಂಕು ಅರ್ಧ ದಾರಿಯಲ್ಲಿ ನಿಂತಿತು. ಮಗುಚಿ ನೋಡಿದರೆ ಚಕ್ರದ ಬುಡಕ್ಕೆ ಕೂದಲು ಸುತ್ತಿಕೊಂಡಿತ್ತು, ಅವಳದೇ. ಅವನು ಹೋದ ಮೇಲೆ ತಲೆ ಬಾಚಿದರೆ ಹಿಡಿ ಹಿಡಿ ಉದುರುತ್ತದೆ. ಅದಕ್ಕೆ ಈಗ ಬೆಳಗ್ಗೆ ಎದ್ದವಳೇ, ಒಲೆ ಹಚ್ಚುವ ಮೊದಲು, ಮಂಚದಿಂದ ಹೊಸ್ತಿಲವರೆಗೆ ನೆಲ ಗುಡಿಸುತ್ತಾಳೆ. ಮೂಲೆ, ಮೇಜಿನ ಅಡಿ, ಯಂತ್ರದ ಕೆಳಗೆ ಬಿದ್ದ ದಾರದ ತುಣುಕು, ಒಂದನ್ನೂ ಬಿಡುವುದಿಲ್ಲ. ಆಮೇಲೆ ಒದ್ದೆ ಬಟ್ಟೆ ಹಿಡಿದು ಮಂಡಿಯೂರಿ ಇನ್ನೊಮ್ಮೆ ಒರೆಸುತ್ತಾಳೆ.