ಕಾಕುವಿನ ಕುತ್ತಿಗೆ

ಇವತ್ತು ಪುಣೆಯ ಶಿವಾಜಿನಗರದ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕೂತಾಗ ಹಳೆಯ ಚೀಟಿ ಹುಡುಕಲು ಕೈಚೀಲ ತೆರೆದೆ. ಬಾಡಿದ ಮಲ್ಲಿಗೆಯ ವಾಸನೆ ಪಕ್ಕದವರ ಮೂಗಿಗೂ ಬಡಿಯಿತು. ಬಸ್ ಸ್ಟ್ಯಾಂಡಿನ ಹೊರಗೆ ಕೂರುವ ಹೂವಿನಾಕೆಯ ಹತ್ತಿರ ವಾರಕ್ಕೆರಡು ಸಲ ದಂಡೆ ಕೊಳ್ಳುತ್ತೇನೆ, ಮುಡಿಯುವುದಿಲ್ಲ. ಅದು ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ಜೊತೆ ಮನೆಗೆ ಬಂದು ಚೀಲದಲ್ಲೇ ಕಂದಿಹೋಗುತ್ತದೆ. ಒಬ್ಬಂಟಿ ಹೆಂಗಸಿನ ಚಟ, ನಗಬೇಡಿ.

ಈ ಚಟ ಕಾಕುವಿನಿಂದ ಬಂದದ್ದು. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಗದಗಿನಿಂದ ಮದುವೆಯಾಗಿ ಪುಣೆಗೆ ಬಂದವಳು. ಸಂಕ್ರಾಂತಿಯಲ್ಲಿ ನಮ್ಮ ಕಡೆಯವರು ಅರಿಷಿಣ ಕುಂಕುಮಕ್ಕೆ ಕರೆದರೆ ಹೋಗುತ್ತಿದ್ದಳು. ಹೂ ಮುಡಿಸಲು ಬಂದರೆ ಮಾತ್ರ ಗೋಡೆಗೆ ಬೆನ್ನು ಹಚ್ಚಿ, "ಕೈಯಾಗ ಕೊಡ್ರಿ, ಮನ್ಯಾಗ ಮುಡಕೋತೀನಿ" ಎನ್ನುತ್ತಿದ್ದಳು.

ಕಾರಣ ಅವಳ ಕುತ್ತಿಗೆ. ತುರುಬಿನ ಕೆಳಗೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು, ಮುಟ್ಟಿದರೆ ಮಖಮಲ್ಲಿನ ಹಾಗೆ. ಮನೆಯವರೆಲ್ಲ ಅದನ್ನು ಕೊಳೆ ಎಂದೇ ತಿಳಿದಿದ್ದರು. ನಮ್ಮವ್ವ, "ಸ್ನಾನ ಮಾಡ್ತಾಳೋ, ಬರೇ ನೀರು ಸುರಕೋತಾಳೋ" ಎಂದು ಅವಳ ಕಿವಿಗೆ ಬೀಳುವ ಹಾಗೆಯೇ ಅನ್ನುತ್ತಿದ್ದಳು. ಹಬ್ಬದ ಎಣ್ಣೆಸ್ನಾನದ ದಿನ ಆ ಕೊಳೆ ತೆಗೆಯುವ ಕೆಲಸ ನನ್ನದು. ನನಗಾಗ ಹನ್ನೆರಡು ವರ್ಷ, ಶಿಸ್ತು ಭಾರೀ. ಕಡಲೆಹಿಟ್ಟು ಹಚ್ಚಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ತಿಕ್ಕುತ್ತಿದ್ದೆ.

"ಹೋತೇನವಾ?"

"ಇನ್ನೂ ಅದರೀ ಕಾಕು."

"ಹಂಗಾದ್ರ ಗಟ್ಟ್ಯಾಗಿ ತಿಕ್ಕು."

ಒಂದು ದೀಪಾವಳಿಗೆ ಹಿಟ್ಟು ಕೆಂಪಾಯಿತು. ಕಾಕು ಅಳಲಿಲ್ಲ. ಒಂದು ತಂಬಿಗೆ ನೀರು ಹೊಯ್ದುಕೊಂಡು, "ನಿನ್ನ ಕೈ ಭಾಳ ನೋಯ್ತಿರಬೇಕಲಾ" ಎಂದಳು. ಆ ಮಾತು ನನಗೆ ಈಗಲೂ ಸಹಿಸಲಾಗುವುದಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗುವಷ್ಟರಲ್ಲಿ ಕಾಲಿನ ಗಾಯ ಕೊಳೆತಿತ್ತು. ಆ ಮಳೆಗಾಲವನ್ನು ಅವಳು ದಾಟಲಿಲ್ಲ.

ನನ್ನ ಕುತ್ತಿಗೆಯ ಹಿಂಭಾಗವನ್ನು ನಾನು ನೋಡಿದ್ದು ಹೋದ ವರ್ಷ, ಎರಡು ಕನ್ನಡಿ ಹಿಡಿದು ಸರ್ಕಸ್ ಮಾಡಿ. ಎಷ್ಟು ದಿನದಿಂದ ಕಪ್ಪಾಗಿತ್ತೋ. ಒಬ್ಬಳೇ ಇರುವವಳಿಗೆ ಅದನ್ನು ಹೇಳಲು ಯಾರಿರುತ್ತಾರೆ, ನೀವೇ ಹೇಳಿ. ನಿಂಬೆಹಣ್ಣು, ಮೊಸರು, ಏಳೇ ದಿನದಲ್ಲಿ ಬೆಳ್ಳಗೆ ಮಾಡುವ ಕ್ರೀಮು ಎಲ್ಲ ಆಯಿತು. ಕೊನೆಗೆ ಕಲ್ಲೂ ಆಯಿತು. ತಲೆ ನರೆತರೂ ಬುದ್ಧಿ ಹನ್ನೆರಡರಲ್ಲೇ ನಿಂತಿತ್ತು.

ಇವತ್ತಿನ ಡಾಕ್ಟರು ಎಳೆಯ ಹುಡುಗಿ. ತುರುಬು ಎತ್ತಿ ನೋಡಿ, "ಘಾಸೂ ನಕಾ ಕಾಕೂ, ಹಾ ಮಳ ನಾಹೀ" ಎಂದಳು. ತಿಕ್ಕಬೇಡಿ, ಇದು ಕೊಳೆಯಲ್ಲ. ತಿಕ್ಕಿದಷ್ಟೂ ದಪ್ಪವಾಗುತ್ತದಂತೆ. ಸಕ್ಕರೆ ಕಾಯಿಲೆ ಬರುವ ಮೊದಲೇ ಎಷ್ಟೋ ಜನರಲ್ಲಿ ಚರ್ಮ ಹೀಗೆ ಸೂಚನೆ ಕೊಡುತ್ತದಂತೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟಳು, ದಿನಾ ನಡೆಯಲು ಹೇಳಿದಳು, ಚಹಾದ ಸಕ್ಕರೆ ಬಿಡಿಸಿದಳು. ತೂಕ ಇಳಿದರೆ ನಿಧಾನವಾಗಿ ತಿಳಿಯಾಗಬಹುದು ಎಂದಳು. ನನಗೆ ಕೇಳಿಸಿದ್ದು ಅರ್ಧ. ಕಾಕುವಿಗೆ ಹೇಳಬೇಕಾಗಿದ್ದ ಮಾತನ್ನು ನನ್ನನ್ನು ಕಾಕೂ ಎಂದು ಕರೆದು ಹೇಳಿದ್ದಳು, ನಲವತ್ತು ವರ್ಷ ತಡವಾಗಿ. ಅವಳ ಮೈ ಹೇಳುತ್ತಿದ್ದುದನ್ನು ನಾನು ಹಬ್ಬಹಬ್ಬಕ್ಕೂ ಕಲ್ಲು ಹಿಡಿದು ಅಳಿಸುತ್ತಿದ್ದೆ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ದಂಡೆ ಕೊಂಡೆ. ಹೂವಿನಾಕೆ ರೂಢಿಯಂತೆ ಎಲೆಯಲ್ಲಿ ಸುತ್ತತೊಡಗಿದಳು.

"ತುಮ್ಹೀಚ್ ಮಾಳಾ" ಎಂದೆ, ನೀವೇ ಮುಡಿಸಿ.

ಅವಳಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತೆ. ತಣ್ಣನೆಯ ಒದ್ದೆ ಬೆರಳು ಕುತ್ತಿಗೆಗೆ ತಾಗಿ, ಒಂದು ಗಳಿಗೆ ಅಲ್ಲೇ ತಡೆಯಿತು. ನನ್ನ ತಲೆ ತಾನಾಗಿ ತಗ್ಗಿತು.

"ಮಾನ ಸರಳ ಠೇವಾ ಬಾಈ" ಎಂದು ಗದರಿದಳು. ಕುತ್ತಿಗೆ ನೆಟ್ಟಗಿಡಬೇಕಂತೆ, ಇಲ್ಲದಿದ್ದರೆ ಹೂ ನಿಲ್ಲುವುದಿಲ್ಲ.

ನೆಟ್ಟಗಿಟ್ಟೆ. ಬಸ್ಸಿನಲ್ಲಿ ಕೊನೆಯ ಸೀಟು ಖಾಲಿಯಿತ್ತು. ನಾನು ಎಲ್ಲರಿಗಿಂತ ಮುಂದೆ ಹೋಗಿ ಕೂತೆ.