ಗೋಡೆಯಾಚೆಯಿಂದ ಬರುತ್ತಿದ್ದ ಉತ್ತರ

ಮೊನ್ನೆ ಸಂಜೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಯಾರೋ ಬೀಜದ ಶೇಂಗಾಕ್ಕೆ, ಸುಲಿಯಲು ಮೆತ್ತಗಾಗಲೆಂದು, ನೀರು ಚಿಮುಕಿಸಿ ಗೋಣಿಚೀಲ ಹೊದಿಸಿದ್ದರು. ನೆನೆದ ಸಿಪ್ಪೆಯ ವಾಸನೆ, ಅದರೊಳಗಿನ ಹಳೇ ಮಣ್ಣಿನ ವಾಸನೆ, ಎರಡೂ ಕೂಡಿ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತು ನಿಂತುಬಿಟ್ಟೆ. ಹಾಲು ಉಕ್ಕಿ ಹೋಯಿತು. ಹೋಗಲಿ ಬಿಡಿ, ಹಾಲು ನಾಳೆಯೂ ಸಿಗುತ್ತದೆ. ನನ್ನ ಕಿವಿಯಲ್ಲಿ ಆಗ ಚಿಟಚಿಟ ಎಂದು ಕಾಯಿ ಒಡೆಯುವ ಸದ್ದು, ಅದರ ಮೇಲೆ ಟಿವಿಯೊಳಗಿನ ಚಪ್ಪಾಳೆ, ಆ ಚಪ್ಪಾಳೆಯನ್ನೂ ಮೀರಿಸಿದ ನಮ್ಮಜ್ಜಿಯ ಗಂಟಲು. ನಿಮ್ಮ ಮನೆಯಲ್ಲೂ ಟಿವಿಯ ಜೊತೆ ಮಾತಾಡುವ ಒಬ್ಬರು ಇದ್ದೇ ಇರುತ್ತಾರೆ, ನಾನು ಹೇಳುವುದು ನಿಮಗೆ ತಿಳಿದೀತು.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ನಾನು ಹುಟ್ಟಿ ಬೆಳೆದ ಹಳ್ಳಿ. ಮುಂಗಾರು ಬಿತ್ತನೆಗೆ ಮುಂಚೆ ಬೀಜದ ಶೇಂಗಾವನ್ನು ಕೈಯಲ್ಲೇ ಸುಲಿಯುವುದು ಅಲ್ಲಿನ ಪದ್ಧತಿ. ಮಷಿನ್ನಿಗೆ ಹಾಕಿದರೆ ಕಾಳು ಒಡೆಯುತ್ತದೆ, ಒಡೆದ ಕಾಳಿಗೆ ಮೊಳಕೆ ಬರುವುದಿಲ್ಲ. ಸುಲಿಯಲು ಓಣಿಯ ಹೆಂಗಸರು ಬರುತ್ತಿದ್ದರು. ಬೇರೆಯವರು ನಾಲ್ಕು ಸಲ ಹೇಳಿಕಳಿಸಿದರೂ ಹೋಗದವರು ನಮ್ಮ ಮನೆಗೆ ಹೇಳದೆಯೂ ಬರುತ್ತಿದ್ದರು, ಯಾಕೆಂದರೆ ನಮ್ಮ ಪಡಸಾಲೆಯಲ್ಲಿ ಟಿವಿ ದೊಡ್ಡದಿತ್ತು. ನಡುವೆ ಶೇಂಗಾದ ರಾಶಿ, ಸುತ್ತ ಹೆಂಗಸರು, ಟಿವಿಗೆ ಎದುರಾಗಿ ಕಂಬಕ್ಕೆ ಒರಗಿ ಅಜ್ಜಿ. ಅಜ್ಜಿಯ ಬೆರಳು ಕಾಯಿಯ ಮೇಲೆ, ಕಣ್ಣು ಟಿವಿಯ ಮೇಲೆ, ಬಾಯಿ ಎಲ್ಲರ ಮೇಲೆ. ಪುಟ್ಟ ಮಕ್ಕಳು ಕುಣಿಯುವ ಸ್ಪರ್ಧೆ ಬಂದರೆ, ಆ ಕೂಸಿಗೆ ಉಣ್ಣಲು ಇಕ್ಕಿದ್ದಾರೋ ಇಲ್ಲವೋ ಎನ್ನುವ ಚಿಂತೆ ಅವಳಿಗೆ. ಹಾಡಿನ ಸ್ಪರ್ಧೆಯಲ್ಲಿ ಸೋತ ಹುಡುಗ ಅತ್ತರೆ ಇವಳ ಸೆರಗು ಒದ್ದೆಯಾಗುತ್ತಿತ್ತು, ಗೆದ್ದವನನ್ನು ಆ ವಾರವಿಡೀ ಬೈಯುತ್ತಿದ್ದಳು. ಒಂದೇ ಮನೆಯಲ್ಲಿ ಹತ್ತಾರು ಜನರನ್ನು ಕೂಡಿಹಾಕಿ ವಾರಕ್ಕೊಬ್ಬರನ್ನು ಹೊರಗೆ ಕಳಿಸುವ ಆಟವೊಂದಿತ್ತಲ್ಲ, ಅದನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ಇವರು ಓಟು ಹಾಕಿ ಮನಿ ಒಡಿತಾರ. ನಮ್ಮ ಮನಿ ಓಟಿಲ್ದನ ಒಡೀತು," ಎಂದು ಚಾನೆಲ್ ಬದಲಿಸಲು ನನಗೆ ಹೇಳುತ್ತಿದ್ದಳು.

ಕಾರ್ಯಕ್ರಮ ನಡೆಸುವವರು ಶುರುವಿನಲ್ಲಿ ಕೈಮುಗಿದು ನಮಸ್ಕಾರ ಎಂದರೆ ಅಜ್ಜಿ ಮಡಿಲಿನ ಸಿಪ್ಪೆ ಚೆಲ್ಲಿದರೂ ಸರಿಯೇ, ತಿರುಗಿ ಕೈಮುಗಿಯುತ್ತಿದ್ದಳು. ಅವರಿಗೆ ಕಾಣುವುದಿಲ್ಲ ಎಂದು ಅಪ್ಪ ಛೇಡಿಸುತ್ತಿದ್ದ. "ಕಾಣದಿದ್ರ ಇಲ್ಲಪ್ಪ. ನಮಸ್ಕಾರ ಅಂದೋರ ಮುಂದ ಕೈ ಕಟ್ಟಿಗಂಡು ಕುಂದ್ರಾಕ ಬರ್ತೈತೇನು?" ಎನ್ನುತ್ತಿದ್ದಳು ಅಜ್ಜಿ.

ಆ ಪಡಸಾಲೆ ಮೊದಲು ಇನ್ನೂ ದೊಡ್ಡದಿತ್ತು. ಅಪ್ಪ ಮತ್ತು ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಹಿಸ್ಸೆಯಾದಾಗ ನಡುವೆ ಒಂದು ಗೋಡೆ ಎದ್ದಿತು. ಟಿವಿ ನಮ್ಮ ಪಾಲಿಗೆ ಬಂತು, ಅಜ್ಜಿ ದೊಡ್ಡಪ್ಪನ ಪಾಲಿಗೆ ಹೋದಳು. ಜೋಡಿ ಎತ್ತುಗಳಲ್ಲಿ ಒಂದು ಇತ್ತ, ಒಂದು ಅತ್ತ. ಜಗಳ ಹುಟ್ಟಿದ್ದು ಅಲ್ಲೇ. ಒಂಟಿ ಎತ್ತು ಕಟ್ಟಿಕೊಂಡು ಏನು ಮಾಡುವುದೆಂದು ಅಪ್ಪ ಅಣ್ಣನಿಗೆ ಒಂದು ಮಾತೂ ಹೇಳದೆ ತನ್ನ ಎತ್ತನ್ನು ಮಾರಿಬಿಟ್ಟ. ಕರುಗಳಾಗಿದ್ದಾಗಿನಿಂದ ಎರಡನ್ನೂ ಮೈ ತೊಳೆದು ಸಾಕಿದವನು ದೊಡ್ಡಪ್ಪ. ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಹೆಂಗಸರ ನಡುವೆ ರೊಟ್ಟಿ ಪಲ್ಯ ಓಡಾಡುತ್ತಲೇ ಇತ್ತು, ಅಜ್ಜಿ ದಿನಾ ಸಂಜೆ ಆ ಬಾಗಿಲಿಂದ ಈ ಬಾಗಿಲಿಗೆ ಬರುತ್ತಲೇ ಇದ್ದಳು. ಬಿಗಿದುಕೊಂಡವರು ಗಂಡಸರು ಮಾತ್ರ.

ಆದರೆ ಆ ಗೋಡೆ ಮಾಳಿಗೆಯ ತೊಲೆಯವರೆಗೆ ಏರಿರಲಿಲ್ಲ. ಆಳೆತ್ತರಕ್ಕೆ ಕಟ್ಟಿ, ಉಳಿದದ್ದನ್ನು ಸುಗ್ಗಿಯ ಮೇಲೆ ನೋಡೋಣವೆಂದು ಬಿಟ್ಟಿದ್ದರು. ಸುಗ್ಗಿಗಳು ಬಂದವು, ಹೋದವು. ಹೀಗಾಗಿ ನಮ್ಮ ಟಿವಿಯ ಸದ್ದು ದೊಡ್ಡಪ್ಪನ ಮನೆಗೂ ಹೋಗುತ್ತಿತ್ತು. ರಸಪ್ರಶ್ನೆ ಕಾರ್ಯಕ್ರಮ ಬಂದಾಗಂತೂ ಅವನು ಆ ಕಡೆ ಗೋಡೆಗೇ ಒರಗಿ ಕೂರುತ್ತಿದ್ದನೆಂದು ದೊಡ್ಡವ್ವ ಹೇಳುತ್ತಿದ್ದಳು. ನಿಂತುಕೊಂಡೇ ನಿದ್ದೆ ಮಾಡುವ ಪ್ರಾಣಿ ಯಾವುದು ಎಂದು ಇಲ್ಲಿ ಕೇಳಿದರೆ, ಕುದುರಿ ಎಂದು ಆಚೆಯಿಂದ ಬರುತ್ತಿತ್ತು, ಯಾರಿಗೂ ಹೇಳಿದ್ದಲ್ಲ ಎನ್ನುವ ಹಾಗೆ. ಅದು ತನಗೂ ಗೊತ್ತಿತ್ತೆಂದು ಅಪ್ಪ ಟಿವಿಯ ಮುಖ ನೋಡಿ ಹೇಳುತ್ತಿದ್ದ. ದೊಡ್ಡಪ್ಪನ ಉತ್ತರ ತಪ್ಪಾದ ದಿನ ಅಪ್ಪ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ. ಹೆಂಗಸರು ಮುಖ ತಗ್ಗಿಸಿ ನಗುತ್ತಿದ್ದರು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಒಂದು ಮಾತಾಡಬೇಕು ಎನ್ನುವುದೊಂದೇ ಅವಳಿಗೆ ಉಳಿದಿದ್ದ ಆಸೆ. ನನಗೂ ಅದೇ ಆಸೆ. ದೊಡ್ಡಪ್ಪನ ಹೆಗಲ ಮೇಲೆ ಕೂತು ಹೊಲಕ್ಕೆ ಹೋಗುತ್ತಿದ್ದವಳು ನಾನು.

ಆಗ ಇನ್ನೊಂದು ಕಾರ್ಯಕ್ರಮ ಬರುತ್ತಿತ್ತು. ಮುನಿಸಿಕೊಂಡ ಮನೆಮಂದಿಯನ್ನು ಸೋಫಾದ ಮೇಲೆ ಎದುರುಬದುರು ಕೂರಿಸಿ, ದೊಡ್ಡ ಕುಂಕುಮದ ಒಬ್ಬ ಹೆಣ್ಣುಮಗಳು ನ್ಯಾಯ ಮಾಡುತ್ತಿದ್ದಳು. ಎಲ್ಲರೂ ಜಗಳಾಡಿ, ಅತ್ತು, ಕೊನೆಗೆ ಕಾಲಿಗೆ ಬೀಳುತ್ತಿದ್ದರು. ಒಂದು ಸಂಜೆ ಆಕೆ, ನಿಮ್ಮ ಮನೆಯಲ್ಲೂ ಇಂಥ ನೋವಿದ್ದರೆ ನಮ್ಮನ್ನು ಕರೆಯಿರಿ ಎಂದಳು. ಅಪ್ಪ ಹೊಲದಲ್ಲಿದ್ದ, ದೊಡ್ಡಪ್ಪ ಕೊಟ್ಟೂರಿಗೆ ಹೋಗಿದ್ದ. ಅಜ್ಜಿ ಕೈಯೊಳಗಿನ ಕಾಯಿ ಕೆಳಗಿಟ್ಟು ಟಿವಿಯ ಕಡೆ ಕೈಮುಗಿದಳು.

"ಬಾರವ್ವ ತಾಯಿ. ನಮ್ಮ ಮನಿಗೂ ಬಾ. ಬರೋ ಸೋಮಾರ ಬಾ, ಹೋಳಿಗಿ ಮಾಡ್ತೀನಿ."

ಹೆಂಗಸರು ಅವತ್ತು ನಕ್ಕರು. ಆದರೆ ಮಾತು ಹೊಸ್ತಿಲು ದಾಟಿದ ಮೇಲೆ ಯಾರ ಕೈಯಲ್ಲಿದೆ? ಬೆಳಗಾಗುವಷ್ಟರಲ್ಲಿ ಊರಬಾಗಿಲಿನ ಅಗಸೆಕಟ್ಟೆಯ ತನಕ ಗುಲ್ಲಾಗಿತ್ತು. ಮುದುಕಿ ಟಿವಿಯವರನ್ನು ಕರೆಸಿದ್ದಾಳೆ, ಸೋಮವಾರ ಕ್ಯಾಮೆರಾ ಬರುತ್ತದೆ, ಅಣ್ಣತಮ್ಮಂದಿರ ನ್ಯಾಯ ನಾಡಿಗೆಲ್ಲ ಕಾಣುತ್ತದೆ. ಅಪ್ಪ ಗಾಬರಿಯಿಂದ ಬಂದು ಕೇಳಿದರೆ ಅಜ್ಜಿ, ಹೌದು, ಕರೆದಿದ್ದೇನೆ ಎಂದಳು. ಸುಳ್ಳೇನಲ್ಲವಲ್ಲ! ಅವಳು ಆಗಲೇ ಕಡಲೆಬೇಳೆ ಆರಿಸುತ್ತಿದ್ದಳು. ಬರುವ ಅತಿಥಿಗೆ ಉಣ್ಣಲಿಕ್ಕುವುದೊಂದೇ ಅವಳಿಗೆ ಉಳಿದ ಕೆಲಸ. ನನಗೆ ಮಾತ್ರ ಜೀವ ಹಿಡಿಯಷ್ಟಾಯಿತು. ಅಪ್ಪ ಊರೆದುರು ಅಳುವುದನ್ನು ಶಾಲೆಯ ಹುಡುಗಿಯರೆಲ್ಲ ನೋಡಿಬಿಟ್ಟರೆ ಹೇಗೆಂದು ಊಟವೇ ಸೇರುತ್ತಿರಲಿಲ್ಲ.

ಭಾನುವಾರ ಸಂಜೆ ರಸಪ್ರಶ್ನೆ ನಡೆಯುತ್ತಿತ್ತು. ಪ್ರಶ್ನೆಗಳು ಬಂದವು, ಹೋದವು, ಆಚೆಯಿಂದ ಒಂದಕ್ಕೂ ಉತ್ತರವಿಲ್ಲ. ಆಮೇಲೆ ಗೋಡೆಯ ಮೇಲಿಂದ ದೊಡ್ಡಪ್ಪನ ದನಿ ಬಂತು.

"ಕೊಟ್ರಾ, ನಾಳೆ ಅವರು ಕೇಳಿದ್ರ ಏನಂತ ಹೇಳ್ತಿ?"

ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಅಪ್ಪನ ಹೆಸರು. ಹೆಂಗಸರ ಬೆರಳು ನಿಂತವು. ಅವ್ವ ಎದ್ದು ಟಿವಿಯ ಸದ್ದು ಸಣ್ಣದು ಮಾಡಿದಳು. ಅಪ್ಪ ಗೋಡೆಯ ಕಡೆ ತಿರುಗಿದ.

"ನೀನ ಹೇಳಣ್ಣ. ಹಿರ್ಯಾ ನೀನು."

"ಎತ್ತಿನ ಸುದ್ದಿ ತಗೀಬ್ಯಾಡಪ್ಪ. ಮಂದಿ ಮುಂದ ನನಗ ಅಳು ತಡಿಯಾಂಗಿಲ್ಲ."

ಅಪ್ಪ ಎದ್ದು ಗೋಡೆಯ ಹತ್ತಿರ ಹೋಗಿ, "ನಿನ್ನ ಒಂದು ಮಾತು ಕೇಳದ ಮಾರಬಾರ್ದಿತ್ತಣ್ಣ," ಎಂದ. ಆ ಕಡೆಯಿಂದ ಮೂಗು ಸೀಟುವ ಸದ್ದು ಮಾತ್ರ ಕೇಳಿಸಿತು. ಅಜ್ಜಿ ಯಾರ ಮುಖವನ್ನೂ ನೋಡದೆ ಮತ್ತೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು.

ಸೋಮವಾರ ಓಣಿಗೆ ಓಣಿಯೇ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂತಿತ್ತು. ಹೊತ್ತೇರಿದ ಮೇಲೆ ಒಂದು ಬಿಳಿ ಜೀಪು ಬಂತು. ನಾನು ಕದದ ಮರೆಗೆ ಸರಿದೆ. ಇಳಿದವರು ದನಗಳಿಗೆ ಲಸಿಕೆ ಹಾಕುವವರು. ಅವತ್ತು ನನಗಾದ ನಿರಾಳ ಮುಂದೆ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ. ದೊಡ್ಡಪ್ಪನ ಎತ್ತು ಸೂಜಿ ಕಂಡು ಕೊಸರಾಡಿತು. ಯಾರೂ ಕರೆಯದೆಯೇ ಅಪ್ಪ ಹೋಗಿ ಮೂಗುದಾರ ಹಿಡಿದ, ದೊಡ್ಡಪ್ಪ ಅದರ ಬೆನ್ನು ಸವರುತ್ತ ನಿಂತ. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಮನೆಯಲ್ಲ ನಮ್ಮದು. ಲಸಿಕೆಯವರೂ ಅಣ್ಣತಮ್ಮಂದಿರೂ ಒಂದೇ ಸಾಲಿನಲ್ಲಿ ಕೂತು ಹೋಳಿಗೆ ಉಂಡರು. ಯಾತರ ಹಬ್ಬವೆಂದು ಪಾಪ ಆ ಲಸಿಕೆಯವರಿಗೆ ಕೊನೆಗೂ ತಿಳಿಯಲಿಲ್ಲ. ಟಿವಿಯಾಕೆಗೆ ನಿನ್ನ ಮಾತು ಕೇಳಿಸಿರಲೇ ಇಲ್ಲವಲ್ಲ ಎಂದು ನಾನು ಅಜ್ಜಿಯನ್ನು ಕೇಳಿದೆ. "ಆಕಿಗೆ ಕೇಳದಿದ್ರ ಇಲ್ಲವ್ವ. ಇವರಿಗೆ ಕೇಳಿತಲ್ಲ," ಎಂದಳು.

ಆಮೇಲಿನ ದಿನಗಳಲ್ಲಿ ದೊಡ್ಡಪ್ಪ ಸಂಜೆಯಾದರೆ ಬಾಗಿಲಿನಿಂದಲೇ ಬರುತ್ತಿದ್ದ. ಅಜ್ಜಿಯ ಒಂದು ಮಗ್ಗುಲಲ್ಲಿ ಅವನು, ಇನ್ನೊಂದು ಮಗ್ಗುಲಲ್ಲಿ ಅಪ್ಪ, ಉತ್ತರಗಳಿಗಾಗಿ ದಿನಾ ಜಗಳ. ಆ ಜಗಳ ಕೇಳುವುದೇ ಅಜ್ಜಿಗೆ ಜೋಗುಳ, ಕಂಬಕ್ಕೆ ಒರಗಿದಲ್ಲೇ ತೂಕಡಿಸುತ್ತಿದ್ದಳು. ಅವಳು ಹೋಗಿ ಈಗ ಬಹಳ ವರ್ಷವಾಯಿತು. ಮಾಳಿಗೆ ಮನೆಯನ್ನು ಕೆಡವಿ ಅಕ್ಕಪಕ್ಕ ಎರಡು ಆರ್‌ಸಿಸಿ ಮನೆ ಕಟ್ಟಿದ್ದಾರೆ. ಕಂಬ ಇಲ್ಲ, ತೊಲೆ ಇಲ್ಲ, ಆ ಅರ್ಧ ಗೋಡೆಯೂ ಇಲ್ಲ. ಬೀಜ ಚೀಲದಲ್ಲಿ ಬರುತ್ತದೆ, ಓಣಿಯ ಹೆಂಗಸರು ಅವರವರ ಮೊಬೈಲಿನಲ್ಲಿ ಅವರವರ ಕಾರ್ಯಕ್ರಮ ನೋಡುತ್ತಾರೆ. ಅಷ್ಟೊಂದು ಜನ ಒಟ್ಟಿಗೆ ನಕ್ಕ ಸದ್ದು ನಾನು ಮತ್ತೆ ಎಲ್ಲೂ ಕೇಳಿಲ್ಲ, ನೀವು ಕೇಳಿದ್ದರೆ ಪುಣ್ಯವಂತರು.

ಹಾಲು ಉಕ್ಕಿದ ಆ ವಾರವೇ ಮನಸ್ಸು ತಡೆಯದೆ ಊರಿಗೆ ಹೋದೆ. ದೊಡ್ಡಪ್ಪನ ಮನೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟಿವಿ ಇದೆ. ಆದರೂ ರಸಪ್ರಶ್ನೆಯ ಹೊತ್ತಿಗೆ ಅವನು ನಮ್ಮ ಮನೆಗೇ ಬಂದ. ಇಬ್ಬರೂ ಸೋಫಾದ ಎರಡು ತುದಿಗೆ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ನಾನು ಕೂರಲು ಹೋದವಳು, ಯಾಕೋ ಮನಸ್ಸಾಗದೆ ಕೆಳಗೆ ಚಾಪೆಯ ಮೇಲೆ ಕೂತೆ. ಕಾರ್ಯಕ್ರಮ ನಡೆಸುವವನು ಬಂದು ಕೈಮುಗಿದು ನಮಸ್ಕಾರ ಎಂದ. ದೊಡ್ಡಪ್ಪನ ಕೈ ಮೇಲೆದ್ದಿತು. ಅವರಿಗೆ ಕಾಣುವುದಿಲ್ಲ ಎಂದು ಅಜ್ಜಿಯನ್ನು ಛೇಡಿಸುತ್ತಿದ್ದ ನನ್ನ ಅಪ್ಪ ಕನ್ನಡಕ ಸರಿಪಡಿಸಿಕೊಂಡು, ತಾನೂ ಕೈಮುಗಿದ.